ಬೂಸಾನ್‌ನ ಬಡವರು ಬೆಟ್ಟ ಹತ್ತಿದ್ದೇಕೆ?

ಪ್ರಶ್ನೆ: ದಕ್ಷಿಣ ಕೊರಿಯಾದ ಬೂಸಾನ್ ನಗರದ ಫೋಟೊಗಳಲ್ಲಿ ಬೆಟ್ಟದ ಇಳಿಜಾರಿನ ತುಂಬ ಬೆಂಕಿಪೊಟ್ಟಣ ಜೋಡಿಸಿಟ್ಟಂತೆ ಬಣ್ಣಬಣ್ಣದ ಪುಟ್ಟ ಮನೆಗಳು ಕಾಣುತ್ತವೆ. ಬರೀ ಮೆಟ್ಟಿಲುಗಳಿರುವ ಅಂಥ ಕಡಿದಾದ ಜಾಗದಲ್ಲಿ ಜನ ಮನೆ ಕಟ್ಟಿಕೊಂಡದ್ದೇಕೆ? ನೋಡಲು ಹೋದರೆ ಎಲ್ಲಿಂದ ನಡೆಯಬೇಕು?

ಉತ್ತರ: ಕೆಳಗಿನ ಸಮತಟ್ಟು ನೆಲ ಅವರ ಪಾಲಿಗೆ ಉಳಿದಿರಲಿಲ್ಲ, ಅದಕ್ಕೆ. ಎರಡನೇ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಆ ಜನ ಹತ್ತಿದ ಹಾಗೆಯೇ ನೀವೂ ಬಂದರಿನ ಕಡೆಯಿಂದ ಮೇಲಕ್ಕೆ ಹತ್ತಿ. ಹೆಚ್ಚಿನ ಪ್ರವಾಸಿಗರು ಟ್ಯಾಕ್ಸಿಯಲ್ಲಿ ನೇರ ಗಾಮ್‌ಚೊನ್ ಎಂಬ ಕೇರಿಯ ಬಣ್ಣದ ಮನೆಗಳ ಮುಂದೆ ಇಳಿದು, ಫೋಟೊ ತೆಗೆದುಕೊಂಡು ಮರಳುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಎರಡನೇ ಸಲ ರೈಲು ನಿಲ್ದಾಣದಿಂದ ನಡೆದಾಗಲೇ ಆ ಮನೆಗಳು ಏನೆಂದು ತಿಳಿದದ್ದು.

ಬೂಸಾನ್ ಎಂಬ ಹೆಸರಿನ ಅರ್ಥವೇ ಹಂಡೆಬೆಟ್ಟ. ಇಲ್ಲಿ ಬೆಟ್ಟಗಳು ಸಮುದ್ರದವರೆಗೂ ಬಂದು ನಿಲ್ಲುತ್ತವೆ. ನಡುವೆ ಸೀರೆಯ ಅಂಚಿನಷ್ಟು ಸಮತಟ್ಟು. 1876ರಲ್ಲಿ ಜಪಾನಿನ ಒತ್ತಾಯಕ್ಕೆ ಬಂದರು ತೆರೆದ ಮೇಲೆ ಆ ಅಂಚಿನಲ್ಲಿ ಜಪಾನೀಯರು ನೆಲೆಯೂರಿದರು. ಸಾಲದಾದಾಗ ಸಮುದ್ರಕ್ಕೆ ಮಣ್ಣು ತುಂಬಿ ಇನ್ನಷ್ಟು ನೆಲ ಮಾಡಿಕೊಂಡರು. 1910ರಲ್ಲಿ ಇಡೀ ದೇಶವೇ ಜಪಾನಿನ ವಶವಾಯಿತು. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಕೊರಿಯನ್ ಕೂಲಿಗಳು ಬೆಟ್ಟದ ಬುಡಕ್ಕೆ ಸರಿದರು. ಇದು ಮೊದಲ ಹತ್ತುವಿಕೆ.

ಎರಡನೆಯದು ಯುದ್ಧದ್ದು. 1950ರ ಜೂನ್ 25ರಂದು ಕೊರಿಯಾ ಯುದ್ಧ ಶುರುವಾಯಿತು. ಕೆಲವೇ ವಾರಗಳಲ್ಲಿ ದಕ್ಷಿಣದ ಬಹುಪಾಲು ಉತ್ತರದ ಸೈನ್ಯದ ಕೈಸೇರಿ, ಬೂಸಾನ್ ಸುತ್ತಲಿನ ಆಗ್ನೇಯ ಮೂಲೆಯಷ್ಟೇ ಉಳಿಯಿತು. ಸರ್ಕಾರವೇ ಇಲ್ಲಿಗೆ ಓಡಿಬಂದು ಇದನ್ನು ತಾತ್ಕಾಲಿಕ ರಾಜಧಾನಿ ಮಾಡಿಕೊಂಡಿತು. ಅದರ ಹಿಂದೆ, ಮುಂದೆ, ಹಡಗಿನಲ್ಲಿ, ರೈಲಿನ ಛಾವಣಿಯ ಮೇಲೆ, ಕಾಲ್ನಡಿಗೆಯಲ್ಲಿ ಜನ ಬಂದರು. ಯುದ್ಧಕ್ಕೆ ಮೊದಲು ಐದು ಲಕ್ಷದ ಒಳಗಿದ್ದ ಊರಿನ ಜನಸಂಖ್ಯೆ 1955ರ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು. ದಾರಿಯಲ್ಲಿ ಕೈತಪ್ಪುವ ಭಯಕ್ಕೆ ಮನೆಯವರು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಒಂದೇ ಗುರುತು: ಯೊಂಗ್ದೊ ಸೇತುವೆ. 1934ರಲ್ಲಿ ಕಟ್ಟಿದ, ಹಡಗು ಬಂದಾಗ ಮೇಲಕ್ಕೆ ಏಳುತ್ತಿದ್ದ ಆ ಸೇತುವೆ ದೂರದವರೂ ಹೆಸರು ಬಲ್ಲ ಜಾಗವಾಗಿತ್ತು. ಬಾರದವರಿಗಾಗಿ ಕಾಯುವವರು ಅಲ್ಲಿ ಎಷ್ಟು ಜನ ಇದ್ದರೆಂದರೆ, ಸೇತುವೆಯ ಕೆಳಗೆ ಕಣಿ ಹೇಳುವವರ ಒಂದು ಸಾಲೇ ಹುಟ್ಟಿಕೊಂಡಿತು.

ಇರಲು ಜಾಗ? ಬೆಟ್ಟ. ಅಮೆರಿಕದ ಸೈನ್ಯ ಎಸೆದ ರಟ್ಟು, ಹಲಗೆ, ತಗಡು, ಟಾರು ಬಳಿದ ಕಾಗದ, ಸಿಕ್ಕಿದ್ದರಲ್ಲಿ ಗೂಡು. ಇವನ್ನು ‘ಪಾನ್‌ಜಾಜಿಪ್’ ಎಂದರು, ಹಲಗೆಮನೆ. ಚಂದ್ರನಿಗೆ ಹತ್ತಿರ ಎಂದು ಇಂಥ ಕೇರಿಗಳಿಗೆ ಕೊರಿಯದಲ್ಲಿ ‘ದಾಲ್‌ದೊಂಗ್ನೆ’, ಅಂದರೆ ಚಂದ್ರನ ಕೇರಿ, ಎಂಬ ಹೆಸರಿದೆ. 1953ರ ಜುಲೈನಲ್ಲಿ ಕದನವಿರಾಮವಾಯಿತು, ಗಡಿ ಮಾತ್ರ ಮುಚ್ಚಿಯೇ ಉಳಿಯಿತು. (ಊರಿಗೆ ಮರಳಲೊಪ್ಪದ ಯುದ್ಧಖೈದಿಗಳ ಪ್ರಶ್ನೆ ಬಗೆಹರಿಸಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ.) ಉತ್ತರದಿಂದ ಬಂದವರಿಗೆ ಹೋಗಲು ಊರಿಲ್ಲವಾಯಿತು. ನಾಲ್ಕು ದಿನಕ್ಕೆಂದು ಹೊಡೆದ ಹಲಗೆ ಗೋಡೆಯಾಯಿತು.

ಇನ್ನು ನಡಿಗೆ. ಬೂಸಾನ್ ರೈಲು ನಿಲ್ದಾಣದ ಎದುರು ರಸ್ತೆ ದಾಟಿದರೆ ಛೊರ್ಯಾಂಗ್ ಬಡಾವಣೆ. ಇಲ್ಲಿಂದ ಮೇಲಕ್ಕೆ ಹೋಗುವ ದಾರಿಯ ಹೆಸರು ‘ಇಬಾಗು ಗಿಲ್’. ಕತೆಗೆ ಕೊರಿಯದಲ್ಲಿ ‘ಇಯಾಗಿ’ ಎನ್ನುತ್ತಾರೆ, ಈ ಕಡೆಯ ಆಡುಮಾತಿನಲ್ಲಿ ಅದು ‘ಇಬಾಗು’. ದಾರಿ ಶುರುವಾಗುವುದೇ 1920ರ ದಶಕದಲ್ಲಿ ಆಸ್ಪತ್ರೆಯಾಗಿ ಕಟ್ಟಿದ ಒಂದು ಇಟ್ಟಿಗೆ ಕಟ್ಟಡದಿಂದ. ಕೆಲವೇ ನಿಮಿಷ ನಡೆದರೆ 168 ಮೆಟ್ಟಿಲು. ಬುಡದಲ್ಲಿ ಒಂದು ಬಾವಿಯಿದೆ. ಮೇಲಿನ ಮನೆಗಳಿಗೆ ನೀರು ಹೋಗುತ್ತಿದ್ದದ್ದು ಇಲ್ಲಿಂದ, ಹೆಂಗಸರ ಮತ್ತು ಮಕ್ಕಳ ಭುಜದ ಮೇಲೆ. ಮೇಲಿನಿಂದ ಬಂದರು ಪೂರ್ತಿ ಕಾಣುತ್ತದೆ. ಹಡಗು ಒಳಬರುವುದು ಕಂಡ ಕೂಡಲೇ ಗಂಡಸರು ಆ ದಿನದ ಕೂಲಿಗಾಗಿ ಈ ಮೆಟ್ಟಿಲುಗಳನ್ನು ಓಡುತ್ತ ಇಳಿಯುತ್ತಿದ್ದರಂತೆ. ಬರಿಗೈಯಲ್ಲಿ ಹತ್ತಿಯೂ ನನಗೆ ನಡುವೆ ಎರಡು ಸಲ ಕೂರಬೇಕಾಯಿತು. ಕೊಡ ಹೊತ್ತವರು ಎಲ್ಲಿ ಕೂತರೋ ಎಂದು ಸುತ್ತ ನೋಡಿದೆ. ಮೆಟ್ಟಿಲುಗಳ ಪಕ್ಕ 2016ರಲ್ಲಿ ಪುಟ್ಟ ಮೊನೊರೈಲ್ ಹಾಕಿದ್ದರು, ಮುಖ್ಯವಾಗಿ ಇಲ್ಲಿ ಉಳಿದಿರುವ ವೃದ್ಧರಿಗಾಗಿ.

ಈ ದಾರಿಯಲ್ಲಿರುವ ಡಾ. ಜಾಂಗ್ ಗಿರ್ಯೊ ಅವರ ಸ್ಮಾರಕದಲ್ಲಿ ಅರ್ಧ ಗಂಟೆಯಾದರೂ ಇರಿ. ಶಸ್ತ್ರವೈದ್ಯರಾಗಿದ್ದ ಅವರು 1950ರ ಡಿಸೆಂಬರ್‌ನಲ್ಲಿ ಪ್ಯೊಂಗ್‌ಯಾಂಗ್‌ನಿಂದ ಎರಡನೇ ಮಗನೊಬ್ಬನನ್ನೇ ಕರೆದುಕೊಂಡು ತೆಂಕಣಕ್ಕೆ ಬಂದರು. ಹೆಂಡತಿ, ಉಳಿದ ಮಕ್ಕಳು ಅಲ್ಲೇ ಉಳಿದರು. ಬೂಸಾನ್‌ನಲ್ಲಿ ಡೇರೆಯಲ್ಲಿ ನಿರಾಶ್ರಿತರಿಗೆ ಉಚಿತ ಚಿಕಿತ್ಸೆ ಕೊಡತೊಡಗಿದರು. 1968ರಲ್ಲಿ ಬಡವರೇ ತಿಂಗಳಿಗಿಷ್ಟು ಹಾಕಿ ನಡೆಸುವ ‘ಬ್ಲೂ ಕ್ರಾಸ್’ ಆರೋಗ್ಯವಿಮೆ ಸಹಕಾರ ಸಂಘ ಕಟ್ಟಿದರು. ಕೊರಿಯಾದಲ್ಲಿ ಎಲ್ಲರಿಗೂ ಸರ್ಕಾರಿ ಆರೋಗ್ಯವಿಮೆ ಬಂದದ್ದು 1989ರಲ್ಲಿ ಎಂಬುದನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ. 1979ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಹನ್ನೆರಡು ವರ್ಷದ ನಂತರ ಹೆಗ್ಗೋಡಿನ ಸುಬ್ಬಣ್ಣನವರಿಗೆ ಬಂದ ಅದೇ ಪ್ರಶಸ್ತಿ. 1995ರಲ್ಲಿ ತೀರಿಕೊಳ್ಳುವವರೆಗೂ ಹೆಂಡತಿಯ ಮುಖ ಮತ್ತೆ ನೋಡಲಾಗಲಿಲ್ಲ.

ಮೆಟ್ಟಿಲು ಮುಗಿದಾಗ ಸಿಗುವುದು ‘ಸಾನ್‌ಬೊಕ್ ದೊರೊ’. ಹಾಗೆಂದರೆ ಬೆಟ್ಟದ ಹೊಟ್ಟೆಯ ರಸ್ತೆ. 1960ರ ದಶಕದಲ್ಲಿ ಈ ಕೇರಿಗಳನ್ನು ಪೋಣಿಸುವಂತೆ ಇಳಿಜಾರಿಗೆ ಅಡ್ಡಲಾಗಿ ಕಡಿದದ್ದು. ಇಲ್ಲೊಂದು ವಿಚಿತ್ರ ಕಾಣುತ್ತೀರಿ: ರಸ್ತೆಯಂಚಿನಲ್ಲಿ ಕಾರು ನಿಂತಿರುತ್ತದೆ, ಬಗ್ಗಿ ನೋಡಿದರೆ ಅದು ಕೆಳಗಿನ ಮನೆಯ ತಾರಸಿ. ಹಿಂದಿನ ಮನೆಯ ನೋಟಕ್ಕೆ ಅಡ್ಡಬಾರದ ಆ ತಾರಸಿಗಳ ಮೇಲೆಲ್ಲ ನೀಲಿ ನೀರಿನ ಟ್ಯಾಂಕುಗಳು.

ಮಾರನೆಯ ದಿನಕ್ಕೆ ಆಮಿದೊಂಗ್ ಇಟ್ಟುಕೊಳ್ಳಿ. ಮೆಟ್ರೊ ಒಂದನೇ ಮಾರ್ಗದ ತೊಸೊಂಗ್ ನಿಲ್ದಾಣದಲ್ಲಿ ಇಳಿದು ಹತ್ತಬೇಕು. ನನ್ನ ಮಟ್ಟಿಗೆ ಇಡೀ ಬೂಸಾನ್‌ನಲ್ಲಿ ಬಿಡಬಾರದ ಜಾಗ ಇದೇ. ಇದು ವಸಾಹತು ಕಾಲದ ಜಪಾನೀ ಸ್ಮಶಾನ. 1945ರಲ್ಲಿ ಜಪಾನೀಯರು ಹೊರಟುಹೋದರು, ಗೋರಿಗಳು ಉಳಿದವು. ಬೇರೆಲ್ಲೂ ಜಾಗ ಸಿಗದ ನಿರಾಶ್ರಿತರು ಇಲ್ಲಿಗೆ ಬಂದು ನೋಡಿದರೆ, ಪ್ರತಿ ಗೋರಿಗೂ ಕಲ್ಲಿನ ಕಟ್ಟೆ ಸಿದ್ಧವಿತ್ತು. ಅದನ್ನೇ ಅಡಿಪಾಯ ಮಾಡಿ ಮೇಲೆ ಗೋಡೆ ಎಬ್ಬಿಸಿದರು. ಹಾಗಾಗಿ ಒಂದೊಂದು ಮನೆಯೂ ಒಂದು ಗೋರಿಯ ಅಳತೆ. ಹೆಸರು ಕೆತ್ತಿದ ಕಲ್ಲುಗಳು ಮೆಟ್ಟಿಲಾದವು, ಗೋಡೆಯ ಮೂಲೆಗಳಾದವು, ಗ್ಯಾಸ್ ಸಿಲಿಂಡರ್ ಇಡುವ ಹಾಸಾದವು. ಈ ಕಲ್ಲುಗಳಿಂದಲೇ ಊರಿಗೆ ‘ಬಿಸೊಕ್ ಮಾಯುಲ್’, ಗೋರಿಕಲ್ಲಿನ ಹಳ್ಳಿ, ಎಂಬ ಹೆಸರು.

ಸತ್ತವರ ಮೇಲೆ ಮಲಗುವುದು ಕೊರಿಯನ್ನರಿಗೂ ಸುಲಭದ ಮಾತಲ್ಲ, ಹಿರಿಯರ ಪೂಜೆ ಅಷ್ಟು ಮುಖ್ಯವಾದ ನಾಡು ಅದು. ಹಬ್ಬದ ದಿನ ತಮ್ಮ ಹಿರಿಯರಿಗೆ ಎಡೆ ಇಡುವಾಗ ನೆಲದಡಿಯ ಅಪರಿಚಿತರಿಗೂ ಒಂದು ಎಡೆ ಇಟ್ಟವರು ಈ ಕೇರಿಯಲ್ಲಿದ್ದಾರೆ. ತಮ್ಮ ದೇಶವನ್ನು ಆಳಿದವರ ಸತ್ತವರಿಗೆ! ಪಿತೃಪಕ್ಷದಲ್ಲಿ ಎಡೆ ಇಡುವ ಮನೆಯಲ್ಲಿ ಬೆಳೆದ ನನಗೆ ಆ ಓಣಿಯಲ್ಲಿ ಕ್ಯಾಮೆರಾ ತೆಗೆಯಲು ಮನಸ್ಸಾಗಲಿಲ್ಲ. 2022ರಲ್ಲಿ ಬೂಸಾನ್ ನಗರ ಇಲ್ಲಿನ ನಿರಾಶ್ರಿತರ ಮನೆಗಳನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಆಮಿದೊಂಗ್‌ನಿಂದ ಕಣಿವೆಯಂಥ ತಿರುವು ದಾಟಿದರೆ ಆಚೆ ಕಡೆಯ ಇಳಿಜಾರೇ ಗಾಮ್‌ಚೊನ್. ಇದು ತುಸು ಬೇರೆ. 1950ರ ದಶಕದ ಮಧ್ಯದಲ್ಲಿ ‘ತೆಗುಕ್‌ದೊ’ ಎಂಬ ಧಾರ್ಮಿಕ ಪಂಥದವರು ಒಟ್ಟಾಗಿ ಬಂದು ನೆಲೆಸಿದ್ದರಿಂದ ಸಾಲುಗಳು ಗದ್ದೆಯ ಮಡಿಗಳಂತೆ ಕ್ರಮವಾಗಿವೆ. ಮುಂದಿನ ಮನೆ ಹಿಂದಿನ ಮನೆಯ ಬೆಳಕಿಗೆ ಅಡ್ಡ ಬರಬಾರದು, ಓಣಿಗಳು ಒಂದಕ್ಕೊಂದು ಕೂಡಿರಬೇಕು ಎಂಬ ಕಟ್ಟಳೆ. ನೀವು ಫೋಟೊದಲ್ಲಿ ನೋಡಿದ ಚಿತ್ರಗಳು, ಶಿಲ್ಪಗಳೆಲ್ಲ ಬಂದದ್ದು 2009ರ ನಂತರ, ಯುವಕರು ಬಿಟ್ಟುಹೋಗಿ ಮನೆಗಳು ಖಾಲಿಬಿದ್ದಾಗ ಸರ್ಕಾರದ ಕಲಾಯೋಜನೆಯೊಂದು ಇಲ್ಲಿ ಕೆಲಸ ಶುರುಮಾಡಿದ ಮೇಲೆ. ಬೆಳಿಗ್ಗೆ ಬೇಗ ಹೋಗಿ. ದನಿ ತಗ್ಗಿಸಿ. ಒಗೆದು ಹಾಕಿದ ಬಟ್ಟೆ, ತೆರೆದ ಕಿಟಕಿಗಳತ್ತ ಕ್ಯಾಮೆರಾ ಬೇಡ, ಒಳಗೆ ಯಾರೋ ಅಡುಗೆ ಮಾಡುತ್ತಿರುತ್ತಾರೆ.

ಇಳಿದ ಮೇಲೆ ಹಸಿವಾಗಿರುತ್ತದೆ. ‘ಮಿಲ್‌ಮ್ಯೊನ್’ ಕೇಳಿ. ಉತ್ತರದವರು ತಿನ್ನುತ್ತಿದ್ದದ್ದು ಹುರುಳಿಗೋಧಿಯ (ಬಕ್‌ವೀಟ್, ಗೋಧಿಯಲ್ಲದ ಬೇರೆ ಧಾನ್ಯ) ತಣ್ಣನೆಯ ಶಾವಿಗೆ. ಬೂಸಾನ್‌ನಲ್ಲಿ ಅದು ಸಿಗಲಿಲ್ಲ, ಸಿಕ್ಕಿದ್ದು ಅಮೆರಿಕದ ನೆರವಿನ ಗೋಧಿಹಿಟ್ಟು. ಅದರಲ್ಲೇ ಹೊಸೆದು, ಮಂಜುಗಟ್ಟಿದ ಸಾರಿನಲ್ಲಿ ಮುಳುಗಿಸಿ ತಿಂದರು. ಸಾರು ಮಾಂಸದ ಮೂಳೆಯದು, ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಳ್ಳಿ.