ನಡೆಯದೇ ಹೋದ ಗುಂಡೇಟಿಗೆ ಲೆಕ್ಕ ಕೇಳುವುದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದ ನಗರಗಳು ಬೀದಿ ಹಿಂಸೆ ತಡೆಯಲು ಪೊಲೀಸರಿಗಷ್ಟೇ ಅಲ್ಲದೆ ಬಡಾವಣೆಯ ಸಣ್ಣಪುಟ್ಟ ಸಂಸ್ಥೆಗಳಿಗೂ ಅನುದಾನ ಕೊಡುತ್ತವೆ. "ಜಗಳ ಬಿಡಿಸಿದೆವು, ಸೇಡು ತಪ್ಪಿಸಿದೆವು" ಎಂದು ಅವರು ಹೇಳಿದರೆ ನಗರಾಡಳಿತ ನಂಬುವುದು ಹೇಗೆ? ಹಣ ಪೋಲಾಗುತ್ತಿಲ್ಲ ಎನ್ನಲು ಏನು ಖಾತರಿ?

ಉತ್ತರ: ನಡೆಯದೇ ಹೋದ ಗುಂಡೇಟನ್ನು ಯಾರೂ ಎಣಿಸಲಾರರು. ಅದನ್ನು ಎಣಿಸಿ ತೋರಿಸಿ ಎಂದು ಸಂಸ್ಥೆಯನ್ನು ಪೀಡಿಸುವ ನಗರಕ್ಕೆ ಸಿಗುವುದು ಕಟ್ಟುಕತೆಯ ವರದಿಗಳೇ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ತಲುಪಬೇಕಾದವರನ್ನೇ ಸಂಸ್ಥೆ ತಲುಪಿತೇ? ಅಕ್ಕಪಕ್ಕದ ಸಂಸ್ಥೆಗಳೊಂದಿಗೆ ಹೊಂದಿಕೊಂಡು ಕೆಲಸ ಮಾಡಿತೇ? ನಗರ ತಾನು ಕೊಟ್ಟ ಮಾತಿನಂತೆ ನಡೆದುಕೊಂಡಿತೇ? ಈ ಕೊನೆಯ ಪ್ರಶ್ನೆಯನ್ನು ಕೇಳುವವರು ತೀರಾ ಕಡಿಮೆ. ಅರ್ಧಕ್ಕರ್ಧ ಕಾರ್ಯಕ್ರಮಗಳು ಸೊರಗುವುದು ಅಲ್ಲಿಯೇ ಎಂಬುದು ನನ್ನ ನಂಬಿಕೆ.

ಮೊದಲು ಹಿನ್ನೆಲೆ. ಗ್ಯಾರಿ ಸ್ಲಟ್ಕಿನ್ ಎಂಬ ಸಾಂಕ್ರಾಮಿಕ ರೋಗ ತಜ್ಞರು ಆಫ್ರಿಕಾದಲ್ಲಿ ಕಾಲರಾ, ಏಡ್ಸ್ ವಿರುದ್ಧ ದುಡಿದು ಬಂದು, 2000ದಲ್ಲಿ ಶಿಕಾಗೋದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ ಒಂದು ಪ್ರಯೋಗ ಆರಂಭಿಸಿದರು. ಹಿಂಸೆಯೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಹರಡುವ ದಾರಿಯನ್ನು ಕಡಿದರೆ ತಗ್ಗುತ್ತದೆ ಎಂಬುದು ಅವರ ವಾದ. ಅದೇ ಬೀದಿಯಲ್ಲಿ ಬೆಳೆದು, ಈಗ ಹುಡುಗರಿಗೆ ಬುದ್ಧಿ ಹೇಳಬಲ್ಲವರೇ ಅಲ್ಲಿನ ಕಾರ್ಯಕರ್ತರು; ಅವರಲ್ಲಿ ಹಲವರು ಜೈಲು ಕಂಡು ಬಂದವರು. 2007ರಲ್ಲಿ ಕ್ಯಾಲಿಫೋರ್ನಿಯಾದ ರಿಚ್ಮಂಡ್ ನಗರ ಇಂಥ ಕೆಲಸಕ್ಕೆಂದೇ ಒಂದು ಕಚೇರಿ ತೆರೆಯಿತು. ಅದೇ ವರ್ಷ ಲಾಸ್ ಏಂಜಲೀಸ್‌ನ ಮೇಯರ್ ಕಚೇರಿಯೂ ಆ ದಾರಿ ಹಿಡಿಯಿತು. 2017ರಲ್ಲಿ ಓಕ್ಲೆಂಡ್ ಹಿಂಸೆ ತಡೆಗೆ ಪ್ರತ್ಯೇಕ ಇಲಾಖೆಯನ್ನೇ ರಚಿಸಿತು.

ಈ ಕಚೇರಿಗಳ ನೌಕರರಲ್ಲಿ ಎಲ್ಲರೂ ಬೀದಿಗಿಳಿಯುವುದಿಲ್ಲ. ಹಣ ಹಂಚುವುದು, ಕರಾರು ಬರೆಯುವುದು, ವರದಿ ತರಿಸುವುದು, ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ಹಲವರ ಕೆಲಸ. ಕೇಳಲು ನೀರಸ, ಆದರೆ ಜೀವ ಉಳಿಯುವುದೂ ಹೋಗುವುದೂ ಇದರ ಮೇಲೆ ನಿಂತಿದೆ.

ಮೇಲ್ವಿಚಾರಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಲಿನಾಯ್ ರಾಜ್ಯದ ಒಂದು ಪ್ರಕರಣ ಸಾಕು. 2010ರಲ್ಲಿ ರಾಜ್ಯ ಸರ್ಕಾರ ಹಿಂಸೆ ತಡೆಯ ದೊಡ್ಡ ಕಾರ್ಯಕ್ರಮವೊಂದನ್ನು ಘೋಷಿಸಿ 5 ಕೋಟಿ ಡಾಲರ್‌ಗೂ ಹೆಚ್ಚು ಹಣ ತೊಡಗಿಸಿತು. 2014ರಲ್ಲಿ ರಾಜ್ಯದ ಮಹಾಲೆಕ್ಕಪರಿಶೋಧಕರ ವರದಿ ಬಂದಾಗ, ಯೋಜನೆ, ಜಾರಿ, ನಿರ್ವಹಣೆ ಮೂರರಲ್ಲೂ ಉದ್ದಗಲಕ್ಕೆ ಲೋಪಗಳು ಕಂಡವು. ಶಿಕಾಗೋದಲ್ಲಿ ಅತಿ ಹೆಚ್ಚು ಹಿಂಸೆಯಿದ್ದ ಕೆಲವು ಪ್ರದೇಶಗಳು ಫಲಾನುಭವಿ ಪಟ್ಟಿಯಲ್ಲೇ ಇರಲಿಲ್ಲ. ಮುಖ್ಯ ಸಂಸ್ಥೆಗಳನ್ನು ಆರಿಸಲು ನಗರಸಭಾ ಸದಸ್ಯರ ಶಿಫಾರಸನ್ನು ನೆಚ್ಚಿಕೊಳ್ಳಲಾಗಿತ್ತು. ಹಾಗಾಗಿ ಮೇಲ್ವಿಚಾರಣೆ ಶುರುವಾಗಬೇಕಾದದ್ದು ಹಣ ಕೊಟ್ಟ ಮೇಲಲ್ಲ, ಯಾವ ಬಡಾವಣೆಗೆ, ಯಾರಿಗೆ ಎಂದು ತೀರ್ಮಾನಿಸುವ ದಿನವೇ.

ಹಣದ ಲೆಕ್ಕಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಕೇಂದ್ರ ಸರ್ಕಾರದ ಹಣ ನಗರದ ಮೂಲಕ ಸಂಸ್ಥೆಗೆ ಹೋದರೆ, ಆ ಸಂಸ್ಥೆ ಎಡವುವ ಸಾಧ್ಯತೆ ಎಷ್ಟೆಂದು ನಗರ ಮೊದಲೇ ಅಂದಾಜು ಮಾಡಬೇಕು, ಆ ಬಳಿಕ ಅದಕ್ಕೆ ತಕ್ಕ ನಿಗಾ ಇಡಬೇಕು. ವರ್ಷಕ್ಕೆ 10 ಲಕ್ಷ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೇಂದ್ರದ ಹಣ ಖರ್ಚು ಮಾಡುವ ಸಂಸ್ಥೆಗೆ ವಿಶೇಷ ಲೆಕ್ಕಪರಿಶೋಧನೆ ಕಡ್ಡಾಯ. ಈ ಮಿತಿ ಮೊದಲು ಏಳೂವರೆ ಲಕ್ಷವಿತ್ತು.

ತೊಡಕಿರುವುದು ಹಣ ಕೈಸೇರುವ ಕ್ರಮದಲ್ಲಿ. ಬಹಳಷ್ಟು ನಗರಗಳು ಖರ್ಚು ಮಾಡಿದ ಮೇಲೆ ಮರುಪಾವತಿ ಮಾಡುತ್ತವೆ. ಎಂಟು ಮಂದಿ ಬೀದಿ ಕಾರ್ಯಕರ್ತರಿರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ತಿಂಗಳ ಕೊನೆಯಲ್ಲಿ ಅದು ಸಂಬಳ ಕೊಟ್ಟು, ಸಂಬಳದ ಪಟ್ಟಿ, ಪ್ರತಿಯೊಬ್ಬರೂ ಸಹಿ ಹಾಕಿದ ಕೆಲಸದ ಗಂಟೆಗಳ ಹಾಳೆ, ರಸೀದಿ ಎಲ್ಲವನ್ನೂ ಜೋಡಿಸಿ ಬಿಲ್ ಕಳುಹಿಸುತ್ತದೆ. ಒಂದು ಹಾಳೆಯಲ್ಲಿ ಸಹಿ ಇಲ್ಲವೆಂದು ಇಡೀ ಬಿಲ್ ಹಿಂದಿರುಗುತ್ತದೆ. ಸರಿಪಡಿಸಿ ಕಳುಹಿಸುವಷ್ಟರಲ್ಲಿ ಎರಡನೆಯ ತಿಂಗಳ ಸಂಬಳದ ದಿನ ಬಂದಿರುತ್ತದೆ. ದೊಡ್ಡ ಸಂಸ್ಥೆ ತನ್ನ ಉಳಿತಾಯದಿಂದ ನಿಭಾಯಿಸುತ್ತದೆ. ಸಣ್ಣದು ಇಬ್ಬರನ್ನು ಮನೆಗೆ ಕಳುಹಿಸುತ್ತದೆ. ಹೀಗೆ ಹೋದವರ ಜೊತೆಗೆ, ಅವರನ್ನು ನಂಬಿ ಮಾತಾಡುತ್ತಿದ್ದ ಹುಡುಗರೂ ಕೈತಪ್ಪುತ್ತಾರೆ. ನಿಯಮಗಳಲ್ಲಿ ಮುಂಗಡ ಪಾವತಿಗೆ ದಾರಿ ಇದ್ದೇ ಇದೆ. ಮೊದಲ ಕಂತನ್ನು ಮುಂಗಡವಾಗಿ ಕೊಟ್ಟು, ತಪ್ಪಿರುವ ಹಾಳೆಯನ್ನಷ್ಟೇ ತಡೆಹಿಡಿದು ಉಳಿದ ಮೊತ್ತವನ್ನು ಬಿಡುಗಡೆ ಮಾಡುವ ನಗರವೇ ಕೆಲಸವನ್ನೂ ಲೆಕ್ಕವನ್ನೂ ಉಳಿಸಿಕೊಳ್ಳುತ್ತದೆ.

ಇನ್ನು ಫಲಿತಾಂಶ. ಬಡಾವಣೆಯಲ್ಲಿ ಗುಂಡೇಟು ವರ್ಷಕ್ಕೆ ಆರರಿಂದ ನಾಲ್ಕಕ್ಕೆ ಇಳಿದರೆ ಮೂರನೇ ಒಂದು ಭಾಗ ಇಳಿಕೆ ಎಂದು ಹಿಗ್ಗುವುದೂ ಬೇಡ, ಎಂಟಕ್ಕೆ ಏರಿದರೆ ಸಂಸ್ಥೆಯ ಅನುದಾನ ಕಿತ್ತುಕೊಳ್ಳುವುದೂ ಬೇಡ. ಅಷ್ಟು ಸಣ್ಣ ಸಂಖ್ಯೆಗಳು ತಾವಾಗಿಯೇ ಏರಿಳಿಯುತ್ತವೆ. ಇಳಿಕೆ ಕಾರ್ಯಕ್ರಮದಿಂದಲೇ ಆಯಿತೇ ಎಂದು ತಿಳಿಯಲು ಅದೇ ಬಗೆಯ ಇನ್ನೊಂದು ಬಡಾವಣೆಯ ಜೊತೆ ವರ್ಷಗಟ್ಟಲೆ ಹೋಲಿಸುವ ಸ್ವತಂತ್ರ ಸಂಶೋಧಕರು ಬೇಕು. ನ್ಯೂಯಾರ್ಕ್‌ನ ಜಾನ್ ಜೇ ಕಾಲೇಜು ಸೌತ್ ಬ್ರಾಂಕ್ಸ್ ಮತ್ತು ಈಸ್ಟ್ ನ್ಯೂಯಾರ್ಕ್ ಬಡಾವಣೆಗಳಲ್ಲಿ ಇಂಥ ಕಾರ್ಯಕ್ರಮಗಳ ಬಗ್ಗೆ ಮಾಡಿದ ಕೆಲಸ ಅಂಥದ್ದು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಈ ಎರಡೂ ಬಡಾವಣೆಗಳಲ್ಲಿ ಗುಂಡೇಟಿನ ಗಾಯಗಳು ತಗ್ಗಿದ್ದು ಕಂಡಿತು. ಸಂಸ್ಥೆಯಿಂದ ತಿಂಗಳಿಗೊಮ್ಮೆ ಕೇಳಬೇಕಾದದ್ದು ಇಷ್ಟು ದೊಡ್ಡದಲ್ಲ: ನಿಜಕ್ಕೂ ಅಪಾಯದಲ್ಲಿರುವ ಎಷ್ಟು ಜನರ ಜೊತೆ ಸಂಪರ್ಕವಿದೆ, ವಾರಕ್ಕೆ ಎಷ್ಟು ಬಾರಿ ಭೇಟಿ, ಎಷ್ಟು ಜಗಳಗಳಲ್ಲಿ ಮಧ್ಯಸ್ಥಿಕೆ, ಯಾವುದು ಮತ್ತೆ ಹೊತ್ತಿಕೊಂಡಿತು. ಶಾಲಾ ಮಕ್ಕಳಿಗೆ ನೂರು ಶಿಬಿರ ನಡೆಸಿದೆವು ಎನ್ನುವ ವರದಿಗಿಂತ, ಗುಂಡು ಹಾರಿಸಬಹುದಾದ ಹದಿನೈದು ಯುವಕರನ್ನು ದಿನವೂ ಮಾತಾಡಿಸುತ್ತಿದ್ದೇವೆ ಎನ್ನುವ ವರದಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಆದರೆ ಆ ವರದಿಯಲ್ಲಿ ಹೆಸರುಗಳಿರಬಾರದು. ಬೀದಿ ಕಾರ್ಯಕರ್ತ ಹೇಳಿದ್ದು ಪೊಲೀಸರ ಕೈಗೆ ಸೇರುತ್ತದೆ ಎಂಬ ಅನುಮಾನ ಒಮ್ಮೆ ಹುಟ್ಟಿದರೆ ಅವನ ಕೆಲಸ ಮುಗಿಯಿತು. ಅವನ ಪ್ರಾಣಕ್ಕೂ ಕುತ್ತು. ಅದಕ್ಕಾಗಿಯೇ ವ್ಯಕ್ತಿಗೆ ಸಂಕೇತ ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿಯನ್ನು ಸಂಸ್ಥೆಯಲ್ಲೇ ಇಡುವ ಪದ್ಧತಿ ಇದೆ. ಪರಿಶೀಲನೆಗೆ ಬರುವ ನಗರದ ಅಧಿಕಾರಿ ಕೆಲವು ಕಡತಗಳನ್ನು ಅಲ್ಲೇ ಕುಳಿತು ನೋಡಬಹುದು, ಪ್ರತಿ ತೆಗೆದುಕೊಂಡು ಹೋಗಬಾರದು.

ಸಮನ್ವಯದಲ್ಲೂ ಇದೇ ಎಚ್ಚರ ಬೇಕು. ಲಾಸ್ ಏಂಜಲೀಸ್‌ನಲ್ಲಿ ಗುಂಡೇಟು ನಡೆದಾಗ ಪೊಲೀಸರು, ಮೇಯರ್ ಕಚೇರಿಯ ಸಂಯೋಜಕರು, ಸಮುದಾಯದ ಕಾರ್ಯಕರ್ತರು ಮೂರು ಕಡೆಯಿಂದ ಸ್ಪಂದಿಸುತ್ತಾರೆ. ಪೊಲೀಸರದು ತನಿಖೆ. ಕಾರ್ಯಕರ್ತರದು ಗಾಳಿಸುದ್ದಿ ತಣಿಸುವುದು, ಸೇಡಿನ ಮಾತು ಎಲ್ಲಿ ಎದ್ದಿದೆ ಎಂದು ನೋಡುವುದು, ಮನೆಯವರ ಬಳಿ ನಿಲ್ಲುವುದು. ನಡುವೆ ನಿಲ್ಲುವ ಸಂಯೋಜಕರು ಘಟನೆಯ ಸುದ್ದಿಯನ್ನು ಪೊಲೀಸರಿಂದ ಕಾರ್ಯಕರ್ತರಿಗೆ ತಲುಪಿಸುತ್ತಾರೆ. ಕಾರ್ಯಕರ್ತರ ಗುಟ್ಟು ಪೊಲೀಸರ ಕಡೆಗೆ ಹೋಗಕೂಡದು. ಹೀಗೆ ಒಬ್ಬರು ನಡುವೆ ಇರದಿದ್ದರೆ ಒಂದೇ ಆಸ್ಪತ್ರೆಯ ಹಾಸಿಗೆಯ ಬಳಿ ಮೂರು ಸಂಸ್ಥೆಗಳವರು ನಿಂತಿರುತ್ತಾರೆ, ಪಕ್ಕದ ಬಡಾವಣೆಗೆ ಯಾರೂ ಹೋಗಿರುವುದಿಲ್ಲ.

ಹಣದ ಹರಿವೂ ಈಗ ಮೊದಲಿನಂತಿಲ್ಲ. 2021ರ ಕೋವಿಡ್ ಪರಿಹಾರ ಕಾಯ್ದೆ ರಾಜ್ಯಗಳಿಗೂ ಸ್ಥಳೀಯ ಸರ್ಕಾರಗಳಿಗೂ 35,000 ಕೋಟಿ ಡಾಲರ್ ಕೊಟ್ಟಾಗ ಅದರಲ್ಲೊಂದು ಪಾಲು ಈ ಕೆಲಸಕ್ಕೂ ಬಂತು. ಆ ಹಣ ಖರ್ಚು ಮಾಡಲು 2026ರ ಕೊನೆಯ ದಿನವೇ ಗಡುವು. 2025ರ ಏಪ್ರಿಲ್‌ನಲ್ಲಿ ಕೇಂದ್ರ ನ್ಯಾಯ ಇಲಾಖೆ ತನ್ನ 360ಕ್ಕೂ ಹೆಚ್ಚು ಅನುದಾನಗಳನ್ನು ನಡುವಿನಲ್ಲೇ ರದ್ದು ಮಾಡಿತು. ಹಿಂಸೆ ತಡೆಯ ಹಲವು ಸಂಸ್ಥೆಗಳು ಅದರಲ್ಲಿ ಸಿಲುಕಿದವು. ಕೆಲಸ ನಡೆಯುತ್ತಿದೆ ಎಂದು ತೋರಿಸುವ ದಾಖಲೆ ಇಟ್ಟಿರುವ ಸಂಸ್ಥೆಗೆ, ಬೇರೆ ಮೂಲದ ಬಾಗಿಲು ತಟ್ಟುವಾಗ ಕೈಯಲ್ಲಿ ಏನಾದರೂ ಇರುತ್ತದೆ.

ನೀವು ಅಲ್ಲಿನ ನಿವಾಸಿಯಾಗಿದ್ದರೆ ನಿಮ್ಮ ನಗರದಿಂದಲೇ ಲೆಕ್ಕ ಕೇಳಬಹುದು. ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಅರ್ಜಿ ಹಾಕಿ ಕರಾರಿನ ಪ್ರತಿ ಮತ್ತು ಸ್ಥಳ ಪರಿಶೀಲನೆಯ ವರದಿಗಳನ್ನು ತರಿಸಿಕೊಳ್ಳಿ. ಜೊತೆಗೆ ಪ್ರತಿಯೊಂದು ಬಿಲ್ ನಗರಕ್ಕೆ ಬಂದ ದಿನಾಂಕವನ್ನೂ ಹಣ ಪಾವತಿಯಾದ ದಿನಾಂಕವನ್ನೂ ತಪ್ಪದೆ ಕೇಳಿ.