ಆಟಕ್ಕುಂಟು, ಲೆಕ್ಕಕ್ಕೂ ಉಂಟೇ?

ಪ್ರಶ್ನೆ: ದಾವಣಗೆರೆಯಲ್ಲಿ ಮಗಳನ್ನು ಕರಾಟೆ ತರಗತಿಗೆ ಸೇರಿಸಿದ್ದೇವೆ. ಅವಳ ಜೊತೆ ಕುಂಗ್‌ಫೂ ಸಿನಿಮಾ ನೋಡುತ್ತೇವೆ. ಹೆಣ್ಣುಮಕ್ಕಳೂ ಕಪ್ಪು ವರ್ಣೀಯರೂ ಫೈಟ್ ಮಾಡುತ್ತಾರೆ, ಆದರೂ ಏನೋ ಕೊರತೆ. ಆ ಪಾತ್ರಗಳಿಗೆ ನಿಜವಾದ ತೂಕ ಇದೆಯೋ ಇಲ್ಲವೋ, ಗುರುತಿಸುವುದು ಹೇಗೆ?

ಉತ್ತರ: ಮೊದಲು, ಫೈಟ್ ಮುಗಿದ ಮೇಲೆ ಏನಾಯಿತು ಎಂಬುದನ್ನು ನೋಡಿ. 1973ರ ‘ಎಂಟರ್ ದ ಡ್ರ್ಯಾಗನ್’ನಲ್ಲಿ ಆಂಜೆಲಾ ಮಾವೊ ಬೆನ್ನಟ್ಟಿ ಬಂದ ಗಂಡಸರ ಗುಂಪನ್ನು ಒಬ್ಬರೇ ಎದುರಿಸುತ್ತಾರೆ. ಅವರ ಒದೆತಗಳು ಬಹಳ ಅಚ್ಚುಕಟ್ಟು. ಆದರೆ ಆ ಪಾತ್ರ ಕೊನೆಗೆ ತಾನೇ ಪ್ರಾಣ ಕಳೆದುಕೊಳ್ಳುತ್ತದೆ, ಅಣ್ಣ ಬ್ರೂಸ್ ಲೀ ಸೇಡಿಗೆ ಅದು ಕಾರಣವಾಗುತ್ತದೆ, ಅಷ್ಟೇ. ನಿಜಜೀವನದಲ್ಲೂ ಕರಾಟೆ ಚಾಂಪಿಯನ್ ಆಗಿದ್ದ ಜಿಮ್ ಕೆಲ್ಲಿಯವರ ಪಾತ್ರವೂ ಕೊನೆಯ ಕಾಳಗಕ್ಕೆ ಉಳಿಯುವುದಿಲ್ಲ. ಕಪ್ಪು ನಟನೊಬ್ಬ ಅಷ್ಟು ಠೀವಿಯಿಂದ ಕಾಣಿಸಿಕೊಂಡದ್ದು ಆ ಕಾಲಕ್ಕೆ ಸಣ್ಣದಲ್ಲ, ನಿಜ. ಆದರೂ ಇಬ್ಬರ ಬೆವರಿನ ಫಲ ಇನ್ನೊಬ್ಬರಿಗೆ ಸೇರಿತು.

ಆಮೇಲೆ ಕ್ಯಾಮೆರಾ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಅರ್ಧ ಸೆಕೆಂಡಿಗೊಂದು ಕಟ್ ಬಿದ್ದರೆ ಒಂದು ಶಾಟ್‌ಗೆ ದಕ್ಕುವುದು 12 ಫ್ರೇಮ್ ಮಾತ್ರ. ಅಷ್ಟರಲ್ಲಿ ಪಾದ ಎಲ್ಲಿ ಊರಿತು, ಸೊಂಟ ಹೇಗೆ ತಿರುಗಿತು ಎನ್ನುವುದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಗರಡಿಮನೆಗಳಲ್ಲಿ ಪಟ್ಟು ನೋಡಿದವರಿಗೆ ಗೊತ್ತು, ತೋಳಿಗೆ ಬಲ ಬರುವುದೇ ಕಾಲೂರಿದ ಕಡೆಯಿಂದ. ಹಾಗಾಗಿ ತಲೆಯಿಂದ ಪಾದದವರೆಗೆ ಮೈ ಕಾಣುತ್ತಿದೆಯೇ, ಒಂದೇ ಶಾಟ್‌ನಲ್ಲಿ ಮೂರು ನಾಲ್ಕು ಏಟು ನಡೆಯುತ್ತವೆಯೇ ಎಂದು ಎಣಿಸಿ. 2000ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ನಲ್ಲಿ ಮಿಶೆಲ್ ಯೋ ಆಯುಧದ ಮೇಲೆ ಆಯುಧ ಬದಲಿಸುತ್ತಾ ಜಾಂಗ್ ಜಿಯಿಯ ಒಂದೇ ಕತ್ತಿಯನ್ನು ಎದುರಿಸುವ ಕಾಳಗ ಇದಕ್ಕೆ ಒಳ್ಳೆಯ ಪಾಠ. ಇಬ್ಬರೂ ನೃತ್ಯ ಕಲಿತು ಬಂದವರು. ಅವರ ಚಲನೆ ಪೂರ್ತಿ ಕಾಣುವಷ್ಟು ಹೊತ್ತು ಕ್ಯಾಮೆರಾ ತಡೆದು ನಿಲ್ಲುತ್ತದೆ.

ಡೂಪ್ ಬಳಸುವುದು ತಪ್ಪಲ್ಲ. ಆದರೆ ನಾಯಕಿಯ ಬದಲು ಗಂಡಸಿಗೆ ವಿಗ್ ತೊಡಿಸಿ ಬೀಳಿಸುವ ರೂಢಿ ಹಳೆಯದು. ಮುಖದ ಮೇಲೆ ಕೂದಲು, ಕ್ಯಾಮೆರಾಗೆ ಬೆನ್ನು, ಇದ್ದಕ್ಕಿದ್ದಂತೆ ಅಗಲವಾದ ಭುಜ ಕಂಡರೆ ಅದೇ. ಬಟ್ಟೆಯದೂ ಒಂದು ತೊಡಕು. ನಾಯಕನ ಪ್ಯಾಂಟು, ಜಾಕೆಟ್ಟಿನೊಳಗೆ ಮೊಣಕಾಲು, ಮೊಣಕೈ, ಸೊಂಟಕ್ಕೆ ಪ್ಯಾಡ್ ಕಟ್ಟಬಹುದು. ತೋಳಿಲ್ಲದ ತುಂಡು ಬಟ್ಟೆಯಲ್ಲಿ ಅದನ್ನು ಎಲ್ಲಿ ಮರೆಮಾಡುವುದು? ಅದೇ ನೆಲಕ್ಕೆ ಬಿದ್ದರೂ ಅವಳಿಗೆ ಹೆಚ್ಚು ಪೆಟ್ಟು. ಆಗ ಫೈಟ್ ಮಾಸ್ಟರ್ ಅವಳ ಪಟ್ಟುಗಳನ್ನೇ ಕಡಿಮೆ ಮಾಡಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಹೋರಾಟದ ರೀತಿ ಆ ಪಾತ್ರದ ಬದುಕಿನಿಂದ ಬಂದದ್ದೇ ಎಂಬುದು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ಹಾಡಿನಲ್ಲಿ ಜಯಂತಿ ಓಬವ್ವನಾಗುವ ಭಾಗ ನೆನಪಿಸಿಕೊಳ್ಳಿ. ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಬಂದವಳಿಗೆ ಹೈದರಾಲಿಯ ಸೈನಿಕರು ನುಸುಳುವುದು ಕಾಣುತ್ತದೆ. ಕಿಂಡಿಯಲ್ಲಿ ಒಮ್ಮೆಗೆ ಒಬ್ಬ ಮಾತ್ರ ತೂರಬಹುದು, ಅದೂ ತಲೆ ಮುಂದೆ ಮಾಡಿ. ಹೊರಗೆ ಎಷ್ಟು ಜನ ಇದ್ದರೂ ಅವಳ ಎದುರಿಗೆ ಬರುವವನು ಒಬ್ಬನೇ. ಇನ್ನು ಒನಕೆ: ಎರಡೂ ಕೈಯಲ್ಲಿ ಎತ್ತಿ ನೇರ ಕೆಳಗೆ ಬಿಡುವುದು ದಿನವೂ ಕುಟ್ಟುವ ಹೆಂಗಸಿನ ಮೈಗೆ ಹತ್ತಿದ ಕೆಲಸ. ಬೇರೆ ತಾಲೀಮು ಬೇಕಿಲ್ಲ. ಛಲವಾದಿ ಸಮುದಾಯದವಳೆಂದು ನಾಡು ಗುರುತಿಸುವ, ಕಾವಲುಗಾರನ ಹೆಂಡತಿಯೊಬ್ಬಳು ಅರಮನೆಯ ಕತ್ತಿಯಿಲ್ಲದೆ, ಮನೆಯ ಒನಕೆ ಹಿಡಿದೇ ಕೋಟೆ ಕಾಯುತ್ತಾಳೆ. ಇಂಥ ಪಾತ್ರಗಳು ನಮ್ಮ ತೆರೆಯ ಮೇಲೆ ಇನ್ನೂ ಹೆಚ್ಚು ಬರಬೇಕು.

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿ.ಮೀ. ಮಗಳನ್ನು ಒಮ್ಮೆ ಓಬವ್ವನ ಕಿಂಡಿಗೆ ಕರೆದೊಯ್ಯಿರಿ. ಬಗ್ಗಿ ಒಳಗೆ ತೂರುವಾಗ ತನ್ನ ಕೈಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆ, ತಲೆ ಮೊದಲು ಎಲ್ಲಿಗೆ ಬರುತ್ತದೆ ಎಂದು ಅವಳೇ ನೋಡಲಿ. ಆಮೇಲೆ ಆ ಹಾಡನ್ನು ಮತ್ತೊಮ್ಮೆ ಹಾಕಿ.