‘ದ ಕ್ರೂಸಿಬಲ್’ ಮೊದಲೋ, ಮಿಲ್ಲರ್ ವಿಚಾರಣೆ ಮೊದಲೋ?

ಪ್ರಶ್ನೆ: ಕಮ್ಯುನಿಸ್ಟರ ಬೇಟೆಗೆ ಹೆಸರಾದ ಮೆಕಾರ್ಥಿ ತಮ್ಮನ್ನು ವಿಚಾರಣೆಗೆ ಎಳೆದ ಸಿಟ್ಟಿನಲ್ಲಿ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ‘ದ ಕ್ರೂಸಿಬಲ್’ ನಾಟಕ ಬರೆದರಂತೆ, ನಿಜವೇ?

ನಿಜವಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕವೇ ತಪ್ಪಿಹೋಗಿರುವುದರಿಂದ ಈ ಬಾರಿ ತಾರೀಖುಗಳನ್ನೇ ಮುಂದಿಡುತ್ತೇನೆ. ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಂಗವೇರಿದ್ದು 1953ರ ಜನವರಿ 22ರಂದು; ಮಿಲ್ಲರ್ ವಿಚಾರಣೆಗೆ ಹಾಜರಾದದ್ದು 1956ರ ಜೂನ್ 21ರಂದು. ಇನ್ನೂ ಆಗದ ಅವಮಾನಕ್ಕೆ ಮೂರು ವರ್ಷ ಮೊದಲೇ ಯಾರಾದರೂ ಸೇಡು ತೀರಿಸಿಕೊಳ್ಳುತ್ತಾರೆಯೇ?

ಮೆಕಾರ್ಥಿಯ ಹೆಸರೂ ಇಲ್ಲಿ ಸಲ್ಲುವುದಿಲ್ಲ. ಆತ ಮೇಲ್ಮನೆಯಾದ ಸೆನೆಟ್ಟಿನ ಸದಸ್ಯ. ಮಿಲ್ಲರ್ ಅವರನ್ನು ಕರೆಸಿದ್ದು ಕೆಳಮನೆಯ ‘ಅಮೆರಿಕವಿರೋಧಿ ಚಟುವಟಿಕೆಗಳ ಸಮಿತಿ’. ಅದರಲ್ಲಿ ಸೆನೆಟರುಗಳಿಗೆ ಸ್ಥಾನವೇ ಇರಲಿಲ್ಲ. ಮೇಲಾಗಿ 1954ರ ಡಿಸೆಂಬರಿನಲ್ಲಿಯೇ ಸೆನೆಟ್ಟು ಮೆಕಾರ್ಥಿಗೆ ಛೀಮಾರಿ ಹಾಕಿತ್ತು.

ಹಾಗಾದರೆ ನಾಟಕ ಹುಟ್ಟಿದ್ದೆಲ್ಲಿ? ಕಮ್ಯುನಿಸ್ಟರ ಬೇಟೆಯ ಆ ಕಾಲದಿಂದಲೇ ಎಂಬುದರಲ್ಲಿ ಅನುಮಾನವಿಲ್ಲ. 1952ರಲ್ಲಿ ಮಿಲ್ಲರ್ ನಾಟಕಗಳ ನಿರ್ದೇಶಕರಾಗಿದ್ದ ಈಲಿಯಾ ಕಜಾನ್ ಅದೇ ಸಮಿತಿಯ ಮುಂದೆ ತಮ್ಮ ಹಳೆಯ ರಂಗಸಂಗಾತಿಗಳನ್ನು ಕಮ್ಯುನಿಸ್ಟರೆಂದು ಹೆಸರಿಸಿದರು. ಆ ವರ್ಷವೇ ಮಿಲ್ಲರ್ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿರುವ ಸೇಲಂ ಊರಿಗೆ ಹೋಗಿ, ನಾಟಕದ ವಸ್ತುವಾದ 1692ರ ಮಾಟಗಾತಿ ವಿಚಾರಣೆಯ ಕಡತಗಳನ್ನು ಓದುತ್ತ ಕುಳಿತರು. ಅಲ್ಲೊಂದು ದಾಖಲೆಯಿದೆ: ಎಲಿಜಬೆತ್ ಪ್ರಾಕ್ಟರಳನ್ನು ಹೊಡೆಯಲು ಅಬಿಗೇಲ್ ಎಂಬ ಹುಡುಗಿ ಎತ್ತಿದ ಮುಷ್ಟಿ, ಹತ್ತಿರ ಬರುತ್ತಿದ್ದಂತೆ ಬಿಚ್ಚಿಕೊಂಡು, ಬೆರಳುಗಳು ಆಕೆಯ ತಲೆಯುಡುಗೆಯನ್ನು ಹಗುರವಾಗಿ ಸೋಕಿದವು, ಮರುಕ್ಷಣವೇ ಅವಳು ಬೆರಳು ಉರಿಯುತ್ತಿದೆಯೆಂದು ಚೀರಿದಳು. ಹೊಡೆಯಹೊರಟ ಕೈ ಹಿಂಜರಿದದ್ದೇಕೆ ಎಂದು ಯೋಚಿಸಿಯೇ ಮಿಲ್ಲರ್ ಆ ಹುಡುಗಿಗೂ ಎಲಿಜಬೆತಳ ಗಂಡ ಜಾನನಿಗೂ ಸಂಬಂಧವಿತ್ತೆಂಬ ತಮ್ಮ ಕಥೆಯನ್ನು ಕಟ್ಟಿದರು. ಅದಕ್ಕಾಗಿ ಹನ್ನೊಂದು ಹನ್ನೆರಡರ ಆ ಹುಡುಗಿಯ ವಯಸ್ಸನ್ನು ಹದಿನೇಳಕ್ಕೆ ಏರಿಸಿದರು, ಅರುವತ್ತರ ಆಸುಪಾಸಿನ ಜಾನ್ ಪ್ರಾಕ್ಟರನನ್ನು ನಡುಹರೆಯಕ್ಕೆ ಇಳಿಸಿದರು.

ತಪ್ಪು ಕಲ್ಪನೆ ಇಷ್ಟು ಗಟ್ಟಿಯಾಗಿ ಬೇರೂರಲು ಕಾರಣ ಕೊನೆಯ ಅಂಕ. ತನ್ನ ಮೇಲಿನ ಮಾಟದ ಆರೋಪವನ್ನು ಒಪ್ಪಿಕೊಳ್ಳಲು ಸಿದ್ಧನಾದ ಜಾನ್ ಪ್ರಾಕ್ಟರ್ ಇತರರ ಹೆಸರು ಹೇಳಲು ಒಪ್ಪುವುದಿಲ್ಲ. 1956ರಲ್ಲಿ ಮಿಲ್ಲರ್ ಮಾಡಿದ್ದೂ ಅದನ್ನೇ: ತಮ್ಮ ಬಗ್ಗೆ ಕೇಳಿದ್ದಕ್ಕೆ ಉತ್ತರಿಸಿದರು, ಕಮ್ಯುನಿಸ್ಟ್ ಸಭೆಗಳಲ್ಲಿದ್ದ ಬೇರೆ ಲೇಖಕರನ್ನು ಹೆಸರಿಸಲಿಲ್ಲ. ನಾಟಕಕಾರನೇ ತನ್ನ ಪಾತ್ರದ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟ ಈ ಪ್ರಸಂಗವನ್ನು ಜನ ತಲೆಕೆಳಗು ಮಾಡಿ ಹೇಳುತ್ತ ಬಂದಿದ್ದಾರೆ. 1957ರಲ್ಲಿ ಮಿಲ್ಲರ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ನಿಂದನೆಯ ಅಪರಾಧಿಯೆಂದು ಬಂದ ತೀರ್ಪನ್ನು ಮರುವರ್ಷ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು.

ಸಿಟ್ಟಿನ ಕಥೆಯೇ ಬೇಕೆನ್ನುವವರು, ಯಾರೂ ಕೇಳದಿದ್ದರೂ ಹೇಳುತ್ತೇನೆ, ಅವರ ಚಿತ್ರಕಥೆಗಳ ಕಡೆ ನೋಡಬೇಕು. ಬ್ರೂಕ್ಲಿನ್ ಬಂದರಿನ ಕೂಲಿಗಳನ್ನು ಕುರಿತು ಅವರು ಬರೆದ ‘ದ ಹುಕ್’ 1951ರಲ್ಲಿ ಕೊಲಂಬಿಯಾ ಚಿತ್ರಸಂಸ್ಥೆಯ ಮುಂದಿತ್ತು. ಖಳರಾದ ಗೂಂಡಾಗಳನ್ನು ಕಮ್ಯುನಿಸ್ಟರನ್ನಾಗಿ ಬದಲಿಸಿ ಎಂಬ ಸೂಚನೆ ಬಂದಾಗ ಮಿಲ್ಲರ್ ಹಸ್ತಪ್ರತಿಯನ್ನೇ ಹಿಂದಕ್ಕೆ ಪಡೆದರು. ‘ದ ಕ್ರೂಸಿಬಲ್’ಗೆ ಅವರೇ ಚಿತ್ರಕಥೆ ಬರೆದದ್ದಂತೂ ಎಂಬತ್ತರ ಹೊಸ್ತಿಲಲ್ಲಿ, 1996ರ ಚಿತ್ರಕ್ಕೆ. ರಂಗದ ಮೇಲೆ ಬರಿಯ ಮಾತಿನಲ್ಲಿ ಬಂದುಹೋಗುವ ಹುಡುಗಿಯರ ಕಾಡಿನ ಕುಣಿತ ಅಲ್ಲಿ ಮೊದಲ ದೃಶ್ಯವಾಗಿದೆ.